ಗ್ರೀಸ್‌ಗೆ ಹೋದಾಗ ಸಾಂಟೊರಿನಿ ದ್ವೀಪ ಬಿಟ್ಟು ಉತ್ತರದ ನಾವುಸಾ ಊರಿನ ಬೆಟ್ಟದ ವೈನರಿ ನೋಡಬಹುದಾ? ಅಲ್ಲಿಂದ ಯಾವ ಬಾಟಲಿ ತರಲಿ?
ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಹೋದವನು. ಖಂಡಿತ ಹೋಗಿ. 'ಯಾವ ಬಾಟಲಿ' ಅನ್ನುವ ಪ್ರಶ್ನೆ ಮಾತ್ರ ಇಲ್ಲೇ ಬಿಟ್ಟು, ಅಲ್ಲಿ 'ಎಷ್ಟು ಹಳೇದು' ಅಂತ ಕೇಳಿ.

ಥೆಸಲೊನೀಕಿ ನಗರದಿಂದ ನಾವುಸಾ ಸುಮಾರು 90 ಕಿ.ಮೀ. ವೆರ್ಮಿಯೊ ಬೆಟ್ಟ ಹತ್ತಿರವಾದ ಹಾಗೆ ಪೀಚ್ ತೋಟಗಳು, ನಡುನಡುವೆ ದ್ರಾಕ್ಷಿ. ಆ ದ್ರಾಕ್ಷಿ ಕ್ಸಿನೊಮಾವ್ರೊ, ಕೆಂಪು ವೈನ್‌ನ ಹಣ್ಣು. ಲೇಬಲ್ ಮೇಲೆ ನಾವುಸಾ ಅಂತ ಹಾಕಬೇಕಾದರೆ ವೈನ್ ಪೂರ್ತಿ ಅದೇ ಹಣ್ಣಿನದಾಗಿರಬೇಕು, ಕನಿಷ್ಠ ಒಂದು ವರ್ಷ ಓಕ್ ಪೀಪಾಯಿಯಲ್ಲಿ ಇದ್ದಿರಬೇಕು.

ನಾನು ಎಡವಿದ್ದು ಬಣ್ಣ ನೋಡಿ. ಊಟದ ಜಾಗದಲ್ಲಿ ಪಕ್ಕದವರ ಗ್ಲಾಸಿನಲ್ಲಿ ಅದು ತೆಳ್ಳಗೆ ಕಾಣ್ತಿತ್ತು. ಓಹೋ, ಹಗುರದ ವೈನ್ ಅಂದುಕೊಂಡೆ. ಅಂಗಡಿಯಲ್ಲಿ ಇದ್ದುದರಲ್ಲೇ ಹೊಸದು, ಅಗ್ಗದ್ದು ಒಂದು ಪೆಟ್ಟಿಗೆ ಬಾಟಲಿ ತಗೊಂಡೆ. ಹೋಟೆಲ್ ಫ್ರಿಜ್‌ನಲ್ಲಿಟ್ಟೆ. ರಾತ್ರಿ ಬರೀ ಚಿಪ್ಸ್ ಜೊತೆ ಕುಡಿದೆ. ಎಳೆ ಅಡಿಕೆ ಅಗಿದ ಹಾಗಾಯ್ತು, ನಾಲಿಗೆ ದಪ್ಪವಾಗಿ ಅಂಗುಳಕ್ಕೆ ಅಂಟಿತು. ಈ ಹಣ್ಣಿಗೆ ಬಣ್ಣ ಕಮ್ಮಿ, ಒಗರು, ಹುಳಿ ಎರಡೂ ಜಾಸ್ತಿ. ತಣ್ಣಗಾದರೆ ಒಗರು ಇನ್ನೂ ಎದ್ದು ಬರುತ್ತೆ. ಹೊಟ್ಟೆಗೆ ಜಿಡ್ಡಿನ ಊಟ ಇಲ್ಲದಿದ್ದರೆ ಕೇಳೋದೇ ಬೇಡ. ಮೂರೂ ತಪ್ಪು ಒಂದೇ ರಾತ್ರಿ. ಬೆಳಗ್ಗೆ ಉಳಿದ ಬಾಟಲಿಗಳನ್ನು ಹೋಟೆಲ್ ಹುಡುಗರಿಗೆ ಕೊಟ್ಟುಬಿಟ್ಟೆ.

ಮಧ್ಯಾಹ್ನ ಒಂದು ತವೆರ್ನಾದಲ್ಲಿ, ಅಂದರೆ ಅಲ್ಲಿನ ಪುಟ್ಟ ಊಟದಂಗಡಿಯಲ್ಲಿ, ಕುರಿಮಾಂಸದ ಜೊತೆ ಯಜಮಾನರು ಹಳೇ ಬಾಟಲಿ ತೆಗೆದರು. ಗ್ಲಾಸಿನ ಅಂಚಿನಲ್ಲಿ ಇಟ್ಟಿಗೆ ಬಣ್ಣ, ಒಣಗಿಸಿದ ಟೊಮೆಟೊ ವಾಸನೆ. ಅದೇ ದ್ರಾಕ್ಷಿ, ಅದೇ ಊರು! ಬೆಳಗ್ಗೆ ನಾನು ಹಂಚಿದ ಬಾಟಲಿಗಳನ್ನು ಒಂದಷ್ಟು ವರ್ಷ ಇಟ್ಟಿದ್ದರೆ ಅವೂ ಹೀಗೇ ಆಗ್ತಿದ್ದವು. ಹೊಟ್ಟೆ ಉರೀತು.

ಬೆಟ್ಟದ ವೈನರಿ ಅಂದಿರಲ್ವಾ, ಕಿರ್ ಯಾನಿ ನೋಡಿ. ಕಟ್ಟಿದವರು ಯಾನಿಸ್ ಬುತಾರಿಸ್. ಅವರ ತಾತ 1879ರಲ್ಲಿ ಶುರು ಮಾಡಿದ ದೊಡ್ಡ ಕಂಪನಿ ಮನೆಯಲ್ಲೇ ಇತ್ತು. ಅದನ್ನು ಬಿಟ್ಟು, ಐವತ್ತು ದಾಟಿದ ಮೇಲೆ, 1997ರಲ್ಲಿ ಬೇರೆ ಶುರು ಮಾಡಿದರು. ಬಂಡವಾಳ ಅಂದರೆ ನಾವುಸಾ ಹತ್ತಿರದ ಯಾನಕೊಹೋರಿಯಲ್ಲಿ 1970ರ ಸುಮಾರಿಗೆ ತಾವೇ ಹಾಕಿಸಿದ್ದ ಬಳ್ಳಿಗಳು. ಅಷ್ಟು ವರ್ಷ ಬೇರು ಬಿಟ್ಟ ತೋಟ ಕೈಯಲ್ಲಿದ್ದರೆ ಯಾರಿಗೆ ಧೈರ್ಯ ಬರಲ್ಲ? ಆಮೇಲೆ 2011ರಿಂದ 2019ರವರೆಗೆ ಥೆಸಲೊನೀಕಿಯ ಮೇಯರ್ ಕೂಡ ಆಗಿದ್ದರು. ಕರಡಿಗಳನ್ನು ಕಾಪಾಡೋಕೆ ಆರ್ಕ್ಟುರೋಸ್ ಅನ್ನೋ ಸಂಸ್ಥೆಯನ್ನೂ ಕಟ್ಟಿದರು. 2024ರಲ್ಲಿ ತೀರಿಕೊಂಡರು. ವೈನರಿ ಈಗ ಮಗನ ಕೈಯಲ್ಲಿದೆ.

ಅಲ್ಲಿ ಅವರ ಕ್ಸಿನೊಮಾವ್ರೊ ವೈನ್ ರಾಮ್ನಿಸ್ತಾ ಕೇಳಿ, ಇರೋದರಲ್ಲಿ ಹಳೇ ವರ್ಷದ್ದೇ ಕೇಳಿ. ಹೊಸದನ್ನು ಮನೆಗೆ ತಂದರೆ ಒಂದಷ್ಟು ವರ್ಷ ಮುಟ್ಟದೆ ಮರೆತುಬಿಡಿ, ಫ್ರಿಜ್ ಅಂತೂ ಬೇಡ. ಸಾಂಟೊರಿನಿಯ ಬಿಳಿ ವೈನ್ ಅಸಿರ್ಟಿಕೊ ಚೆನ್ನಾಗಿಲ್ಲ ಅಂತಲ್ಲ, ಅದು ಥೆಸಲೊನೀಕಿಯ ಅಂಗಡಿಯಲ್ಲೇ ಸಿಗುತ್ತೆ. ಅದಕ್ಕೋಸ್ಕರ ಹಡಗು ಹತ್ತಬೇಡಿ.