ಲಕ್ಕುಂಡಿ ಬಾಗಿಲವಾಡದ ಕೆತ್ತನಿ ಲ್ಯಾಪ್‌ಟಾಪಿನ್ಯಾಗ ಯಾಕ ಕರಗತೈತಿ?

ಪ್ರಶ್ನೆ: ನಮಸ್ಕಾರ್ರಿ ಸರ್. ಲಕ್ಕುಂಡಿ ಕಾಶಿವಿಶ್ವನಾಥ ಗುಡಿ ಬಾಗಿಲವಾಡದ್ದು ಮೊಬೈಲಿನ್ಯಾಗ 200 ಫೋಟೋ ತಗದು ತ್ರೀಡಿ ಮಾಡಲ್ ಮಾಡೇನ್ರಿ. ಮಾಡಲಿನ ಮೈ ಕಟ್ಟೋ ಸಣ್ಣ ತ್ರಿಕೋನ 40 ಲಕ್ಷ ಬಂದಾವು, ಲ್ಯಾಪ್‌ಟಾಪ್ ಹ್ಯಾಂಗ್ ಆಗ್ತೈತಿ. ಮೈಯೆಲ್ಲಾ ತರಿತರಿ ಇತ್ತಂತ ಮೊದಲ ಸ್ಮೂತ್ ಮಾಡಿ ಆಮ್ಯಾಲೆ 1 ಲಕ್ಷಕ್ಕ ಇಳಿಸಿದೆ, ಬಳ್ಳಿ ಕೆತ್ತನಿ ಎಲ್ಲಾ ಸವೆದ ಸಾಬೂನಿನಂಗ ಆತು. ಎಲ್ಲಿ ತಪ್ಪೇನ್ರಿ?
– ಕಾಲೇಜು ವಿದ್ಯಾರ್ಥಿ, ಗದಗ

ಉತ್ತರ: ಸ್ಮೂತ್ ಮಾಡಿದಲ್ಲೇ ತಪ್ಪಾಗೇತಿ ನೋಡ್ರಿ. ಸಾದಾ ಲ್ಯಾಪ್ಲಾಸಿಯನ್ ಸ್ಮೂತಿಂಗ್ ಅಂದ್ರ ತ್ರಿಕೋನಗಳ ಮೂಲಿಯ ಒಂದೊಂದು ಬಿಂದುನ್ನ ಅಕ್ಕಪಕ್ಕದ ಬಿಂದುಗಳ ಸರಾಸರಿ ಜಾಗಕ್ಕ ಜಗ್ಗೋದು. ಬಳ್ಳಿ ಎಲಿ ತುದಿಯ ಬಿಂದು ಮ್ಯಾಲೆದ್ದಿರ್ತೈತಿ, ಸುತ್ತಲಿನವು ತಗ್ಗಿನ್ಯಾಗ ಇರ್ತಾವು, ಹಿಂಗಾಗಿ ಪ್ರತಿ ಸಲಾನೂ ಆ ತುದಿ ಒಂಚೂರು ಕೆಳಗ ಇಳೀತೈತಿ, ಹತ್ತು ಸಲ ಆದಮ್ಯಾಲೆ ಎಲಿ ಎಲ್ಲಿ ಉಳೀಬೇಕು. 1995ರಾಗ ಟಾಬಿನ್ ಅನ್ನೋರು ಇದಕ್ಕ ಒಂದು ಉಪಾಯ ತೋರಿಸಿದ್ರು, ಒಮ್ಮೆ ಒಳಗ ಜಗ್ಗೋದು, ಮುಂದಿನ ಸಲ ಸ್ವಲ್ಪ ಹೆಚ್ಚು ಜೋರಿನಿಂದ ಹೊರಗ ತಳ್ಳೋದು, ಅಂದ್ರ ಮಾಡಲ್ ಕುಗ್ಗಂಗಿಲ್ಲ. ಮೆಶ್‌ಲ್ಯಾಬ್ ಅನ್ನೋ ತ್ರೀಡಿ ಸಾಫ್ಟ್‌ವೇರಿನ್ಯಾಗ ಇದು ಐತಿ, ಒಳಗ ಜಗ್ಗೋದಕ್ಕ 0.5, ಹೊರಗ ತಳ್ಳೋದಕ್ಕ -0.53 ಇಟ್ಟು ನೋಡ್ರಿ. ಆದ್ರೂ ಬಾಗಿಲವಾಡಕ್ಕ ಇದನ್ನ ಕೈ ಬಿಗಿ ಹಿಡಿದು ಬಳಸ್ರಿ, ಯಾಕಂದ್ರ ಉಳಿ ಗುರ್ತು ಯಾವುದು, ಫೋಟೋದಿಂದ ಬಂದ ತರಿ ಯಾವುದು ಅಂತ ಸಾಫ್ಟ್‌ವೇರಿಗೆ ತಿಳಿಯಂಗಿಲ್ಲ, ನಿಮಗ ತಿಳೀತೈತಿ.

ಮತ್ತ ಮೂಲ ಫೈಲ್‌ನಿಂದ ಸುರು ಮಾಡ್ರಿ. ಮೊದಲ ಸ್ವಚ್ಛ ಮಾಡೋದು: ಡಬಲ್ ಆದ ಬಿಂದು, ತೇಲಾಡೋ ತುಣುಕು, ಎರಡಕ್ಕಿಂತ ಹೆಚ್ಚು ತ್ರಿಕೋನ ಒಂದ ಅಂಚಿಗೆ ಅಂಟಿಕೊಂಡಿದ್ದು, ಇವು ತಗೀರಿ. ಆಮ್ಯಾಲೆ ಕ್ವಾಡ್ರಿಕ್ ಎಡ್ಜ್ ಕೊಲ್ಯಾಪ್ಸ್, ಅಂದ್ರ ಅಂಚು ಒತ್ತಿ ಒತ್ತಿ ತ್ರಿಕೋನ ಕಡಿಮಿ ಮಾಡೋದು. 1997ರಾಗ ಗಾರ್ಲಂಡ್ ಮತ್ತ ಹೆಕ್‌ಬರ್ಟ್ ಕೊಟ್ಟ ಈ ವಿಧಾನ ನನಗ ಇವತ್ತಿಗೂ ಭಾಳ ಸೇರತೈತಿ. ಪ್ರತಿ ಬಿಂದುನೂ ತನ್ನ ಸುತ್ತಲಿನ ತ್ರಿಕೋನಗಳ ಸಮತಲ ನೆನಪಿಟ್ಟಕೊಂಡಿರ್ತೈತಿ, ಒಂದು ಅಂಚನ್ನ ಒತ್ತಿ ಎರಡು ಬಿಂದು ಒಂದು ಮಾಡಿದ್ರ ಆ ಸಮತಲಗಳಿಂದ ಎಷ್ಟು ದೂರ ಸರೀತೈತಿ ಅಂತ ವರ್ಗ ಮಾಡಿ ಕೂಡಸ್ತಾರ, ಆ ಮೊತ್ತಾನ ಅಂಚಿನ ಖರ್ಚು, ಕಡಿಮಿ ಖರ್ಚಿನ ಅಂಚು ಮೊದಲ ಹೋಗ್ತೈತಿ. ಹಂಗಾಗಿ ಸಪಾಟ್ ಗ್ವಾಡಿಯ ತ್ರಿಕೋನ ಮೊದಲ ಕರಗತಾವು, ಬಳ್ಳಿಯ ಬಳುಕು ಕಡೀತನಕಾ ಉಳೀತೈತಿ. ಒಂದು ಅಂಚು ಒತ್ತಿದ್ರ ಎರಡು ತ್ರಿಕೋನ ಕಡಿಮಿ, ಅಂದ್ರ 40 ಲಕ್ಷದಿಂದ 4 ಲಕ್ಷಕ್ಕ ಬರಾಕ ಸುಮಾರು 18 ಲಕ್ಷ ಸಲ ಒತ್ತಬೇಕು, ಲ್ಯಾಪ್‌ಟಾಪ್ ಸ್ವಲ್ಪ ಹೊತ್ತು ತಗೊಂಡ್ರ ಗಾಬರಿ ಆಗಬ್ಯಾಡ್ರಿ. 1 ಲಕ್ಷಕ್ಕ ಒಮ್ಮೆಲೆ ಜಿಗೀಬ್ಯಾಡ್ರಿ, 10 ಲಕ್ಷ, 4 ಲಕ್ಷ, ಹಂಗ ಇಳಿಸ್ತಾ ಪ್ರತಿ ಸಲ ಒಂದ ಎಲಿನ್ನ ಹತ್ತಿರದಿಂದ ನೋಡ್ರಿ. ಮಾಡಲಿನ ಹೊರಗಡಿಯ ಅಂಚು ಕಾಯೋ ಆಪ್ಷನ್ ಆನ್ ಇರಲಿ.

ಇಷ್ಟಾಗಿಯೂ ಹೋದ ಸಣ್ಣ ಕುಸುರಿನ್ನ ಮೂಲ ಮಾಡಲಿನಿಂದ ನಾರ್ಮಲ್ ಮ್ಯಾಪ್ ಆಗಿ, ಅಂದ್ರ ಮೈ ಯಾವ ಕಡಿ ವಾಲೇತಿ ಅಂತ ಬಣ್ಣದಾಗ ಬರೆದ ಚಿತ್ರವಾಗಿ, ಬೇಕ್ (ತಯಾರು) ಮಾಡ್ಕೋಬಹುದು, ಆಗ 1 ಲಕ್ಷದ ಮಾಡಲ್ಲೂ ನೆರಳು ಬೆಳಕಿನ್ಯಾಗ ಕೆತ್ತನಿ ತೋರಸ್ತೈತಿ. ಆದ್ರ ತ್ರೀಡಿ ಪ್ರಿಂಟ್ ಮಾಡಿದ್ರ ಅದು ಬರಂಗಿಲ್ಲ, ಅದು ಬರೀ ಚಿತ್ರ.

ನೀವು ಕೇಳಿಲ್ಲ, ಆದ್ರೂ ಹೇಳ್ತೇನಿ. ಫೋಟೋ ಸಿಗದ ಜಾಗದಾಗ ತೂತು ಬಿದ್ದಿರ್ತಾವು, ಸಾಫ್ಟ್‌ವೇರ್ ಅವನ್ನ ಸುತ್ತಲಿನ ಮೈ ನೋಡಿ ಊಹಿಸಿ ತುಂಬ್ತೈತಿ. ಚಾಲುಕ್ಯರ ಕಾಲದ ಶಿಲ್ಪಿ ಕೆತ್ತಿದ್ದಕ್ಕ ನಾವು ಊಹೆ ಸೇರಿಸಿ ಅದನ್ನ ಅವನದ ಕೆಲಸ ಅಂತ ತೋರಿಸಬಾರದು. ತುಂಬಿದ ಭಾಗಕ್ಕ ಬ್ಯಾರೆ ಬಣ್ಣ ಹಚ್ಚಿ ಇಡ್ರಿ, ಮೂಲ 200 ಫೋಟೋನೂ ಅದರ ಜೋಡಿ ಇಡ್ರಿ.