ಹಳೇ ಕಾಲದ ಹಗುರ ಪತ್ತೇದಾರಿ ಕಾದಂಬರಿಗಳನ್ನು ಎಲ್ಲಿಂದ ಶುರು ಮಾಡಲಿ? ಅಂಥ ಪುಸ್ತಕಗಳಿಗೇ ಅಂತ ಅಂಗಡಿಗಳಿವೆಯಾ?

ನೀವು ಎರಡು ವಿಷಯ ಕೇಳಿದ್ದೀರಿ. ರಕ್ತಪಾತ ಜಾಸ್ತಿ ಇಲ್ಲದ, ಹಳೇ ಕಾಲದಲ್ಲಿ ನಡೆಯುವ ಕೊಲೆ ರಹಸ್ಯದ ಕಾದಂಬರಿಗಳಲ್ಲಿ ಮೊದಲು ಯಾವುದನ್ನು ಓದಬೇಕು ಅನ್ನುವುದು ಒಂದು. ಬರೀ ಪತ್ತೇದಾರಿ ಪುಸ್ತಕಗಳನ್ನೇ ಇಡುವ ಅಂಗಡಿ ಎಲ್ಲಾದರೂ ಇದೆಯಾ ಅನ್ನುವುದು ಇನ್ನೊಂದು. ಎರಡೂ ನನಗೆ ತುಂಬಾ ಇಷ್ಟದ ವಿಷಯ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಇಂಥ ಪುಸ್ತಕ ಆರಿಸುವಾಗ ಕೊಲೆ ಹೇಗಾಯಿತು ಅನ್ನುವುದನ್ನು ನಾನು ಅಷ್ಟಾಗಿ ನೋಡುವುದಿಲ್ಲ. ಪತ್ತೆ ಮಾಡುವವರು ಹೊಟ್ಟೆಪಾಡಿಗೆ ಏನು ಮಾಡುತ್ತಾರೆ ಅನ್ನುವುದನ್ನು ನೋಡುತ್ತೇನೆ. ಆ ಕಾಲದಲ್ಲಿ ಡಿಎನ್‌ಎ ಇಲ್ಲ, ಸಿಸಿಟಿವಿ ಇಲ್ಲ, ಮೊಬೈಲ್ ಇಲ್ಲ. ಪತ್ತೇದಾರನ ಕೈಯಲ್ಲಿರುವುದು ತನ್ನ ಕಸುಬಿನ ತಿಳಿವಳಿಕೆ ಮಾತ್ರ. ಗಿಡಮೂಲಿಕೆ ಗೊತ್ತಿದ್ದವನಿಗೆ ವಿಷದ ವಾಸನೆ ಗೊತ್ತಾಗುತ್ತದೆ. ಕಾಗದಪತ್ರ ಓದುವ ವಕೀಲೆಗೆ ಸಹಿ ಸರಿಯಿಲ್ಲ ಅಂತ ಕಾಣುತ್ತದೆ. ಈ ಕಸುಬನ್ನು ಲೇಖಕರು ಚೆನ್ನಾಗಿ ಬಲ್ಲವರಾದರೆ ಕಾಲ ತಾನಾಗಿಯೇ ಕಣ್ಣಮುಂದೆ ಬರುತ್ತದೆ. ಇಲ್ಲದಿದ್ದರೆ ಈಗಿನ ಜನರಿಗೇ ಹಳೇ ಬಟ್ಟೆ ತೊಡಿಸಿದ ಹಾಗೆ ಇರುತ್ತದೆ.

ಈ ಲೆಕ್ಕದಲ್ಲಿ ನನ್ನ ಮೊದಲ ಆಯ್ಕೆ ಎಲ್ಲಿಸ್ ಪೀಟರ್ಸ್ ಬರೆದ ಕ್ಯಾಡ್‌ಫೆಲ್ ಸರಣಿ. 1977ರಿಂದ 1994ರ ಒಳಗೆ ಬಂದ 20 ಕಾದಂಬರಿಗಳಿವು. ಕಥೆ ನಡೆಯುವುದು 12ನೇ ಶತಮಾನದ ಇಂಗ್ಲೆಂಡಿನಲ್ಲಿ, ವೇಲ್ಸ್ ಗಡಿಗೆ ಹತ್ತಿರದ ಶ್ರೂಸ್‌ಬರಿ ಊರಿನ ಮಠದಲ್ಲಿ. ಕ್ಯಾಡ್‌ಫೆಲ್ ವಯಸ್ಸಿನಲ್ಲಿ ಧರ್ಮಯುದ್ಧಕ್ಕೆ ಹೋಗಿ ಬಂದವನು, ಹಡಗಿನಲ್ಲಿ ದುಡಿದವನು. ನಡುವಯಸ್ಸು ದಾಟುವ ಹೊತ್ತಿಗೆ ಸನ್ಯಾಸಿಯಾಗಿ ಮಠ ಸೇರಿದ್ದಾನೆ. ಈಗ ಅವನ ಕೆಲಸ ಔಷಧಿ ಗಿಡಗಳ ತೋಟ ನೋಡಿಕೊಳ್ಳುವುದು, ಕಷಾಯ, ಲೇಪ, ಎಣ್ಣೆ ತಯಾರಿಸುವುದು. ಎಲ್ಲಿಸ್ ಪೀಟರ್ಸ್ ಅನ್ನುವುದು ಎಡಿತ್ ಪಾರ್ಜೆಟರ್ ಅವರ ಕಾವ್ಯನಾಮ. ಆಕೆ ಅದೇ ಶ್ರಾಪ್‌ಶೈರ್ ಸೀಮೆಯವರು. ಚಿಕ್ಕ ವಯಸ್ಸಿನಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದವರು. ಕ್ಯಾಡ್‌ಫೆಲ್ ಗುಡಿಸಲಿನಲ್ಲಿ ನೇತುಹಾಕಿದ ಒಣಗಿದ ಸೊಪ್ಪಿನ ವಾಸನೆ ನಮ್ಮ ಮೂಗಿಗೆ ಬಡಿಯುವುದು ಸುಮ್ನೆ ಅಲ್ಲ.

ಸರಣಿಯ ಮೊದಲ ಪುಸ್ತಕ ಬಿಟ್ಟು ಎರಡನೆಯದರಿಂದ ಶುರು ಮಾಡಿ ಅನ್ನುತ್ತೇನೆ. ಅದು 1979ರ 'ಒನ್ ಕಾರ್ಪ್ಸ್ ಟೂ ಮೆನಿ'. ಅದರ ಹಿಂದಿರುವುದು ನಿಜವಾದ ಇತಿಹಾಸ. 1138ರಲ್ಲಿ ರಾಜ ಸ್ಟೀಫನ್ ಶ್ರೂಸ್‌ಬರಿ ಕೋಟೆಯನ್ನು ಗೆದ್ದ. ಆಗ ಸಿಂಹಾಸನಕ್ಕಾಗಿ ಅವನಿಗೂ ಅವನ ಸೋದರಸಂಬಂಧಿ, ಸಾಮ್ರಾಜ್ಞಿ ಮೋಡ್‌ಗೂ ಜಗಳ. ಕೋಟೆಯೊಳಗೆ ಸಿಕ್ಕಿದ ಸೈನಿಕರನ್ನೆಲ್ಲಾ ಅವನು ಗಲ್ಲಿಗೇರಿಸಿದ. ಕಾದಂಬರಿಯಲ್ಲಿ ಸತ್ತವರಿಗೆ ಅಂತ್ಯಸಂಸ್ಕಾರ ಮಾಡಲು ಮಠಕ್ಕೆ ಅನುಮತಿ ಸಿಗುತ್ತದೆ. ಕ್ಯಾಡ್‌ಫೆಲ್ ಹೆಣಗಳನ್ನು ಸಾಲಾಗಿ ಮಲಗಿಸಿ ಎಣಿಸುತ್ತಾನೆ. ಗಲ್ಲಿಗೇರಿಸಿದವರು 94 ಜನ. ಅವನ ಎಣಿಕೆಗೆ 95 ಬರುತ್ತದೆ. ಮತ್ತೆ ಎಣಿಸುತ್ತಾನೆ, ಮತ್ತೆ 95. ಆ ಒಬ್ಬ ಹುಡುಗನ ಕುತ್ತಿಗೆಯ ಮೇಲಿನ ಗುರುತು ಮಾತ್ರ ಬೇರೆ ಥರ. ದಪ್ಪ ಹಗ್ಗದ್ದಲ್ಲ, ಹಿಂದಿನಿಂದ ತೆಳು ದಾರ ಬಿಗಿದದ್ದು. ಯಾರೋ ತಮ್ಮ ಕೊಲೆಯನ್ನು ರಾಜನ ಕೊಲೆಗಳ ನಡುವೆ ಬಚ್ಚಿಟ್ಟಿದ್ದಾರೆ.

ಇದನ್ನು ಓದಿದಾಗ ನನಗೆ ಮೈ ಜುಂ ಅಂದಿತು. ಯಾಕೆ ಅಂದರೆ ಇಲ್ಲಿ ಪ್ರಶ್ನೆ ಬರೀ ಕೊಲೆಗಾರ ಯಾರು ಅಂತ ಅಲ್ಲ. 94 ಜನ ಸತ್ತ ಕಡೆ ಇನ್ನೊಬ್ಬನ ಸಾವಿಗೆ ಬೆಲೆ ಇದೆಯಾ ಅಂತ. ಕ್ಯಾಡ್‌ಫೆಲ್ ಇದೆ ಅನ್ನುತ್ತಾನೆ, ಆ ಒಬ್ಬನಿಗಾಗಿ ಹೊರಡುತ್ತಾನೆ. ಇಷ್ಟೆಲ್ಲಾ ಇದ್ದೂ ಪುಸ್ತಕ ಎಲ್ಲೂ ಭಾರ ಆಗುವುದಿಲ್ಲ. ಪ್ರೇಮ ಇದೆ, ಸ್ನೇಹ ಇದೆ, ನದಿ ದಡದಲ್ಲಿ ರಾತ್ರಿ ಓಡಾಟ ಇದೆ. ಸರಣಿಯುದ್ದಕ್ಕೂ ಜೊತೆಗಿರುವ ಹ್ಯೂ ಬೆರಿಂಗರ್ ಪರಿಚಯವಾಗುವುದೂ ಇದರಲ್ಲೇ. ಆಮೇಲೆ ಮೂರನೆಯದು, 'ಮಾಂಕ್ಸ್ ಹುಡ್' ಓದಿ. ಮಠದ ಮುದುಕರ ಕೀಲುನೋವಿಗೆ ಕ್ಯಾಡ್‌ಫೆಲ್ ತಾನೇ ತಯಾರಿಸಿದ ಎಣ್ಣೆಯನ್ನು ಯಾರೋ ಊಟಕ್ಕೆ ಬೆರೆಸಿ ಒಬ್ಬನನ್ನು ಕೊಂದಿರುತ್ತಾರೆ. ಆ ಎಣ್ಣೆಯಲ್ಲಿರುವುದು ನಮ್ಮ ಆಯುರ್ವೇದದ ವತ್ಸನಾಭಿಯ ಜಾತಿಗೇ ಸೇರಿದ ಗಿಡ. ಹಚ್ಚಿಕೊಂಡರೆ ಔಷಧಿ, ನುಂಗಿದರೆ ಪ್ರಾಣ ಹೋಗುತ್ತದೆ.

ನಮ್ಮ ದೇಶದ ಕಡೆಗೆ ಬರೋಣ. ಸುಜಾತಾ ಮ್ಯಾಸಿ ಬರೆದ ಪರ್ವೀನ್ ಮಿಸ್ತ್ರಿ ಸರಣಿ 1921ರ ಮುಂಬೈನಲ್ಲಿ ಶುರುವಾಗುತ್ತದೆ. ಪರ್ವೀನ್ ಪಾರ್ಸಿ ಹೆಣ್ಣುಮಗಳು, ವಕೀಲೆ. ಒಬ್ಬ ಶ್ರೀಮಂತ ತೀರಿಕೊಂಡಿದ್ದಾನೆ. ಅವನ ಮೂವರು ವಿಧವೆಯರು ಪರದೆಯ ಹಿಂದೆ ಇರುವವರು, ಪರಗಂಡಸರ ಮುಂದೆ ಬರುವವರಲ್ಲ. ಆಸ್ತಿಯ ಕಾಗದಕ್ಕೆ ಮೂವರೂ ಸಹಿ ಹಾಕಿದ್ದಾರೆ, ಆದರೆ ಸಹಿ ನೋಡಿದರೆ ಪರ್ವೀನ್‌ಗೆ ಅನುಮಾನ. ಪೊಲೀಸರಾಗಲಿ ಗಂಡಸು ವಕೀಲರಾಗಲಿ ಒಳಗೆ ಹೋಗಿ ಕೇಳುವ ಹಾಗಿಲ್ಲ. ಆಕೆ ಮಾತ್ರ ಹೋಗಬಹುದು. ನೋಡಿ, ಇಡೀ ಕಥೆ ಆ ಕಾಲದ ಒಂದು ಕಟ್ಟುಪಾಡಿನ ಮೇಲೆ ನಿಂತಿದೆ. ಈ ಪಾತ್ರಕ್ಕೆ ಸ್ಫೂರ್ತಿ ಕೊರ್ನೇಲಿಯಾ ಸೊರಾಬ್ಜಿ. ಆಕ್ಸ್‌ಫರ್ಡ್‌ನಲ್ಲಿ ಕಾನೂನು ಓದಿದ ಮೊದಲ ಮಹಿಳೆ ಅವರು. ಪರದೆಯಲ್ಲಿದ್ದ ಹೆಂಗಸರ ಆಸ್ತಿ ವ್ಯವಹಾರಗಳಿಗೆ ಸಲಹೆಗಾರರಾಗಿ ವರ್ಷಗಟ್ಟಲೆ ದುಡಿದವರು. ಕೊಳ್ಳುವಾಗ ಒಂದು ಎಚ್ಚರಿಕೆ: ಮೊದಲ ಪುಸ್ತಕ ಹೊರದೇಶದಲ್ಲಿ 'ದಿ ವಿಡೋಸ್ ಆಫ್ ಮಲಬಾರ್ ಹಿಲ್', ಇಲ್ಲಿ 'ಎ ಮರ್ಡರ್ ಆನ್ ಮಲಬಾರ್ ಹಿಲ್'. ಎರಡೂ ಒಂದೇ ಕಾದಂಬರಿ, ಬೇರೆ ಬೇರೆ ಅಂದುಕೊಂಡು ಎರಡನ್ನೂ ತರಬೇಡಿ.

ಅದೇ 1921ರ ನಮ್ಮ ಬೆಂಗಳೂರು ಬೇಕು ಅಂದರೆ ಹರಿಣಿ ನಾಗೇಂದ್ರ ಅವರ 'ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್' ಓದಲೇಬೇಕು. 2022ರಲ್ಲಿ ಬಂತು, ಆಮೇಲೆ ಸರಣಿ ಬೆಳೆಯಿತು. ಹೊಸದಾಗಿ ಮದುವೆಯಾಗಿ ಬಂದ ಕಾವೇರಿ ಇದರ ನಾಯಕಿ. ಗಂಡ ರಾಮು ಬೌರಿಂಗ್ ಆಸ್ಪತ್ರೆಯಲ್ಲಿ ಡಾಕ್ಟರ್. ಆಕೆಗೆ ಗಣಿತ ಅಂದರೆ ಪ್ರಾಣ. ಕೊಲೆ ನಡೆಯುವುದು ಸೆಂಚುರಿ ಕ್ಲಬ್ಬಿನ ಔತಣದ ರಾತ್ರಿ. ಆ ಕ್ಲಬ್ಬನ್ನು ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ್ದು, ಕಬ್ಬನ್ ಪಾರ್ಕಿನಲ್ಲಿ ಈಗಲೂ ಇದೆ. ಆಗಿನ ಬೆಂಗಳೂರು ಎರಡು ಊರಾಗಿತ್ತು ಅಲ್ವಾ? ಪೇಟೆ ಮೈಸೂರು ಮಹಾರಾಜರದ್ದು, ದಂಡು ಬ್ರಿಟಿಷರ ಆಡಳಿತದ್ದು. ಕಾವೇರಿ ಈ ಎರಡರ ನಡುವೆ ಓಡಾಡುತ್ತಾಳೆ. ಲೇಖಕಿ ಪರಿಸರ ವಿಜ್ಞಾನದ ಪ್ರೊಫೆಸರ್, ಬೆಂಗಳೂರಿನ ಕೆರೆ, ಮರ, ತೋಟಗಳ ಇತಿಹಾಸದ ಮೇಲೆ ಕೆಲಸ ಮಾಡಿದವರು. ಹಾಗಾಗಿ ಕಥೆಯಲ್ಲಿ ಬರುವ ಮರಗಿಡಗಳು ಬರೀ ಅಲಂಕಾರ ಅನ್ನಿಸುವುದಿಲ್ಲ. ಗೊತ್ತಿರುವ ರಸ್ತೆಯಲ್ಲಿ ನೂರು ವರ್ಷ ಹಿಂದಕ್ಕೆ ನಡೆಯುವ ಖುಷಿ ನನಗೆ ಬೇರೆ ಯಾವ ಪುಸ್ತಕದಲ್ಲೂ ಇಷ್ಟು ಸಿಕ್ಕಿಲ್ಲ.

ಉಳಿದವನ್ನು ಬೇಗ ಹೇಳುತ್ತೇನೆ. ಲಿಂಡ್ಸೆ ಡೇವಿಸ್ ಅವರ ಫಾಲ್ಕೊ ಸರಣಿ ವೆಸ್ಪಾಸಿಯನ್ ಚಕ್ರವರ್ತಿಯ ಕಾಲದ ರೋಮ್‌ನದ್ದು, ಮಾತು ಚುರುಕು. ಅಗಾಥಾ ಕ್ರಿಸ್ಟಿ ಅವರದ್ದೂ ಒಂದಿದೆ, 'ಡೆತ್ ಕಮ್ಸ್ ಆಸ್ ದಿ ಎಂಡ್'. ಸುಮಾರು 4000 ವರ್ಷ ಹಿಂದಿನ ಈಜಿಪ್ಟಿನ ಒಂದು ಮನೆತನದ ಕಥೆ. ಅಲ್ಲಿ ಸಿಕ್ಕಿದ ಹೆಕನಖ್ತ್ ಅನ್ನುವ ಯಜಮಾನನ ಪತ್ರಗಳೇ ಅದಕ್ಕೆ ಮೂಲ. ಆದರೆ ಸಾವು ಜಾಸ್ತಿ, ಹಗುರ ಅನ್ನಲಾರೆ. ರಾಬರ್ಟ್ ವ್ಯಾನ್ ಗುಲಿಕ್ ಬರೆದ ಜಡ್ಜ್ ಡೀ ಕಥೆಗಳು ಟಾಂಗ್ ಕಾಲದ ಚೀನಾದವು. ಅಲ್ಲಿ ತನಿಖೆ ಮಾಡುವವನೂ ನ್ಯಾಯಾಧೀಶನೂ ಒಬ್ಬನೇ, ಒಂದೇ ಸಲಕ್ಕೆ ಮೂರು ಕೇಸು ನಡೆಯುತ್ತಿರುತ್ತವೆ. ಪುಸ್ತಕದ ಚಿತ್ರಗಳನ್ನೂ ವ್ಯಾನ್ ಗುಲಿಕ್ ಅವರೇ ಬರೆದಿದ್ದಾರೆ. ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕರೆ ಬಿಡಬೇಡಿ.

ಇನ್ನು ಅಂಗಡಿ ವಿಷಯ. ಪತ್ತೇದಾರಿ ಪುಸ್ತಕಗಳಿಗೇ ಮೀಸಲಾದ ಅಂಗಡಿಗಳು ಇವೆ. ಹೆಸರಾಂತದ್ದು ನ್ಯೂಯಾರ್ಕ್‌ನ ವಾರೆನ್ ಸ್ಟ್ರೀಟಿನಲ್ಲಿರುವ 'ದಿ ಮಿಸ್ಟೀರಿಯಸ್ ಬುಕ್‌ಶಾಪ್'. ಆಟೊ ಪೆನ್ಜ್ಲರ್ ಅದನ್ನು 1979ರಲ್ಲಿ ಶುರು ಮಾಡಿದ್ದು, ಆಗ ಬೇರೆ ಜಾಗದಲ್ಲಿತ್ತು. ನೆಲದಿಂದ ಸೂರಿನವರೆಗೆ ಪುಸ್ತಕ, ಮೇಲಿನದ್ದು ತೆಗೆಯಲು ಏಣಿ. ಷೆರ್ಲಾಕ್ ಹೋಮ್ಸ್‌ಗೇ ದೊಡ್ಡ ಜಾಗ. ಪ್ರತಿ ಕ್ರಿಸ್‌ಮಸ್‌ಗೆ ಒಬ್ಬ ಲೇಖಕರಿಂದ ಹೊಸ ಕಥೆ ಬರೆಸಿ ಗಿರಾಕಿಗಳಿಗೆ ಕೊಡುವ ಪದ್ಧತಿ ಅಲ್ಲಿದೆ. ಕಥೆಯ ಸ್ವಲ್ಪ ಭಾಗವಾದರೂ ಅದೇ ಅಂಗಡಿಯಲ್ಲಿ ನಡೆಯಬೇಕು ಅನ್ನುವುದು ಷರತ್ತು. ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ 1989ರಿಂದ 'ಪಾಯ್ಸನ್ಡ್ ಪೆನ್' ಇದೆ. ಲಂಡನ್ನಿನ ಚೇರಿಂಗ್ ಕ್ರಾಸ್ ರಸ್ತೆಯಲ್ಲಿ 'ಮರ್ಡರ್ ಒನ್' ಇತ್ತು, 2009ರಲ್ಲಿ ಮುಚ್ಚಿತು. ಅಮೆರಿಕದಲ್ಲಿರುವ ನಮ್ಮವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಿ ಬನ್ನಿ.

ಇಂಥ ಅಂಗಡಿಯ ಬೆಲೆ ಪುಸ್ತಕಗಳ ಸಂಖ್ಯೆಯಲ್ಲಿಲ್ಲ, ಜೋಡಿಸಿದ ರೀತಿಯಲ್ಲಿದೆ. ಒಂದು ಸರಣಿಯ ಎಲ್ಲಾ ಪುಸ್ತಕ ಒಂದೇ ಕಡೆ ಕಣ್ಣಿಗೆ ಬೀಳುತ್ತದೆ. ಪಕ್ಕದಲ್ಲಿ ನೀವು ಹೆಸರೇ ಕೇಳದ ಲೇಖಕರು ಇರುತ್ತಾರೆ. ಕೌಂಟರಿನಲ್ಲಿರುವವರು ಇದನ್ನೇ ಓದಿ ಬೆಳೆದವರು. ಕೊನೆಗೆ ಓದಿದ್ದು ಯಾವುದು, ಅದರಲ್ಲಿ ಏನು ಹಿಡಿಸಿತು ಅಂತ ಹೇಳಿದರೆ ಸಾಕು, ಮುಂದಿನದ್ದು ಕೈಗೆ ಕೊಡುತ್ತಾರೆ.

ಬೆಂಗಳೂರಿನಲ್ಲಿ ಇದಕ್ಕೆ ಹತ್ತಿರದ ಸುಖ ಚರ್ಚ್ ಸ್ಟ್ರೀಟಿನಲ್ಲಿ ಸಿಗುತ್ತದೆ. ಬ್ಲಾಸಮ್, ಬುಕ್‌ವರ್ಮ್ ಎರಡರಲ್ಲೂ ಹೊಸದರ ಜೊತೆ ಹಳೇ ಪುಸ್ತಕಗಳೂ ಇರುತ್ತವೆ. ಬ್ರಿಗೇಡ್ ರೋಡ್ ಪಕ್ಕದ ಓಣಿಯಲ್ಲಿ ಸೆಲೆಕ್ಟ್ ಇದೆ, 1945ರಿಂದ ನಡೆಯುತ್ತಿರುವ ಅಂಗಡಿ. ಭಾನುವಾರ ಬೇಡ, ವಾರದ ನಡುವೆ ಬೆಳಗ್ಗೆ ಹೋಗಿ. ಕ್ರೈಮ್ ಕಪಾಟಿನಲ್ಲಿ ನೋಡಿ ವಾಪಸ್ ಬರಬೇಡಿ. ಈ ಪುಸ್ತಕಗಳು ಚದುರಿ ಕೂತಿರುತ್ತವೆ. ಕ್ಯಾಡ್‌ಫೆಲ್ ಕ್ರೈಮ್‌ನಲ್ಲಿ ಸಿಕ್ಕರೆ, ಕಾವೇರಿ ಮತ್ತು ಪರ್ವೀನ್ ಭಾರತೀಯ ಲೇಖಕರ ಕಪಾಟಿನಲ್ಲಿ ಇರಬಹುದು, ಜಡ್ಜ್ ಡೀ ಸಾಮಾನ್ಯ ಕಾದಂಬರಿಗಳ ನಡುವೆ ಸಿಕ್ಕಿಕೊಂಡಿರಬಹುದು. ಹಳೇ ಪೆಂಗ್ವಿನ್‌ಗಳಲ್ಲಿ ಪುಸ್ತಕದ ಬೆನ್ನು ಹಸಿರಾಗಿದ್ದರೆ ಅದು ಪತ್ತೇದಾರಿ. 1935ರಲ್ಲಿ ಶುರುವಾದಾಗಿನಿಂದ ಸಾಮಾನ್ಯ ಕಾದಂಬರಿಗೆ ಕಿತ್ತಳೆ, ಇದಕ್ಕೆ ಹಸಿರು. ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಕೈಗೆ ತೆಗೆದುಕೊಂಡ ಮೇಲೆ ಮೊದಲ ಪುಟ ಓದಬೇಡಿ, ಅದನ್ನು ಎಲ್ಲರೂ ಚೆನ್ನಾಗಿಯೇ ಬರೆಯುತ್ತಾರೆ. ನಡುವೆ ಎಲ್ಲಾದರೂ ತೆರೆದು ಎರಡು ಪುಟ ಓದಿ. ಅಲ್ಲಿ ಯಾರಾದರೂ ಅಡುಗೆ ಮಾಡುತ್ತಿದ್ದರೆ, ಗಾಯಕ್ಕೆ ಕಟ್ಟುತ್ತಿದ್ದರೆ, ಲೆಕ್ಕ ಬರೆಯುತ್ತಿದ್ದರೆ, ಅದು ಕಣ್ಣಿಗೆ ಕಟ್ಟುತ್ತಿದ್ದರೆ, ಕೊಳ್ಳಿ. ಏನು ಹುಡುಕಬೇಕು ಅಂತ ತೋಚದಿದ್ದರೆ ಬ್ರಿಟನ್ನಿನ ಕ್ರೈಮ್ ರೈಟರ್ಸ್ ಅಸೋಸಿಯೇಷನ್ ಕೊಡುವ ಹಿಸ್ಟಾರಿಕಲ್ ಡ್ಯಾಗರ್ ಪ್ರಶಸ್ತಿಯ ಪಟ್ಟಿ ನೋಡಿ. 1999ರಲ್ಲಿ ಶುರುವಾದಾಗ ಅದಕ್ಕೆ ಎಲ್ಲಿಸ್ ಪೀಟರ್ಸ್ ಹೆಸರೇ ಇಟ್ಟಿದ್ದರು. 2017ರಲ್ಲಿ ಅದು ಅಬೀರ್ ಮುಖರ್ಜಿ ಅವರ 'ಎ ರೈಸಿಂಗ್ ಮ್ಯಾನ್'ಗೆ ಬಂತು. 1919ರ ಕಲ್ಕತ್ತಾದ ಕಥೆ, ಇಲ್ಲಿ ಹೇಳಿದ ಬೇರೆಯವಕ್ಕಿಂತ ಧಾಟಿ ಸ್ವಲ್ಪ ಕರಾಳ.

ಕನ್ನಡದಲ್ಲಿ ಏನಿದೆ ಅಂತಲೂ ನಿಮಗೆ ಅನ್ನಿಸಬಹುದು. ಪತ್ತೇದಾರಿಗೆ ನಮ್ಮಲ್ಲಿ ಒಳ್ಳೇ ಪರಂಪರೆ ಇದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಓದಿನ ರುಚಿ ಹತ್ತಿಸಿಕೊಂಡವರು ಎಷ್ಟೋ ಜನ. ಐತಿಹಾಸಿಕ ಕಾದಂಬರಿಗಂತೂ ತರಾಸು ಅವರ 'ದುರ್ಗಾಸ್ತಮಾನ'ದ ಎತ್ತರ ಇದೆ. ಇವೆರಡೂ ಕೂಡಿದ, ಹಗುರವಾದ ಒಂದು ಸರಣಿ ಬರಲಿ ಅಂತ ನನಗೆ ಬಹಳ ಆಸೆ. ಸಾಮಗ್ರಿ ರಾಶಿ ಬಿದ್ದಿದೆ. 16ನೇ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಒಂದು ಸಂಗತಿ ಬರೆದಿಟ್ಟಿದ್ದಾನೆ. ರಾಜ ನರಸಿಂಹ ಹೊರದೇಶದಿಂದ ತರಿಸುತ್ತಿದ್ದ ಕುದುರೆಗಳಲ್ಲಿ ಸಮುದ್ರದಲ್ಲಿ ಸತ್ತವಕ್ಕೂ ಹಣ ಕೊಡುತ್ತಿದ್ದನಂತೆ. ವ್ಯಾಪಾರಿಗಳು ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕಿತ್ತು. ಈಗ ಯೋಚಿಸಿ. ಭಟ್ಕಳದ ಬಂದರಿನಲ್ಲಿ ಬಾಲ ಎಣಿಸುವ ಒಬ್ಬ ಕರಣಿಕ. ಹಡಗಿನಲ್ಲಿ ಹತ್ತಿದ ಕುದುರೆಗಳಿಗಿಂತ ಅವನ ಮುಂದೆ ಬಂದ ಬಾಲಗಳೇ ಜಾಸ್ತಿ ಇವೆ. ಮಾರನೇ ದಿನ ಹಡಗಿನ ಲೆಕ್ಕ ಬರೆಯುವವನು ನೀರಿನಲ್ಲಿ ಹೆಣವಾಗಿ ತೇಲುತ್ತಾನೆ. ಬರೆಯುವ ಕೈ ಇರುವವರು ಯಾರಾದರೂ ಇದನ್ನು ಎತ್ತಿಕೊಳ್ಳಿ, ದಯವಿಟ್ಟು. ಅಚ್ಚಾದ ವಾರವೇ ಗಾಂಧಿಬಜಾರಿಗೆ ಹೋಗಿ ನಾನೂ ಕೊಂಡು, ಗೆಳೆಯರಿಂದಲೂ ಕೊಳ್ಳಿಸುತ್ತೇನೆ.