ಊರಿನ ಶಾಲೆಯಲ್ಲೇ ಕಣ್ಣಿನ ಪೊರೆ ಆಪರೇಷನ್ ಮಾಡಿಸಬಹುದೇ?

ಯುವಕ ಸಂಘದಿಂದ ಉಚಿತ ಕಣ್ಣಿನ ಶಿಬಿರ ಮಾಡುತ್ತೇವೆ, ವಯಸ್ಸಾದವರನ್ನು ಪೇಟೆಗೆ ಅಲೆಸುವ ಬದಲು ಆಪರೇಷನ್ನೂ ಶಾಲೆಯಲ್ಲೇ ಆಗಲಿ ಎಂದಿದ್ದೀರಿ. ಆ ಯೋಚನೆ ಬಿಡಿ. ಊರೂರಲ್ಲಿ ಶಿಬಿರ ಮಾಡುತ್ತಿದ್ದ ಕಣ್ಣಿನ ವೈದ್ಯ ಡಾ. ಎಂ. ಸಿ. ಮೋದಿಯವರ ಕಾಲದಲ್ಲಿ ಹಾಗೆ ನಡೆಯುತ್ತಿತ್ತು, ನಿಜ. ಈಗ ಅದಕ್ಕೆ ಅನುಮತಿ ಇಲ್ಲ. ಕಣ್ಣೊಳಗೆ ಸೋಂಕಾದರೆ ಒಂದೆರಡು ದಿನದಲ್ಲೇ ದೃಷ್ಟಿ ಹೋಗಬಹುದು. ಊರಲ್ಲಿ ತಪಾಸಣೆಯಷ್ಟೇ ಇಟ್ಟುಕೊಳ್ಳಿ, ಆಪರೇಷನ್ ಆಸ್ಪತ್ರೆಯಲ್ಲಾಗಲಿ. ದಿನಾಂಕ ಗೊತ್ತುಮಾಡುವ ಮೊದಲೇ ಜಿಲ್ಲೆಯ ಅಂಧತ್ವ ನಿಯಂತ್ರಣ ಅಧಿಕಾರಿಯನ್ನು ಕಂಡು, ಕರೆದೊಯ್ದು ವಾಪಸ್ ಬಿಡುವ ಬಸ್ಸು ಯಾರದ್ದು ಎಂಬುದನ್ನೂ ಕೇಳಿಕೊಳ್ಳಿ.

ದೃಷ್ಟಿ ತಪಾಸಣೆಯ ಕೊಠಡಿ 6 ಮೀಟರ್, ಅಂದರೆ ಸುಮಾರು 20 ಅಡಿ ಉದ್ದ ಇರಬೇಕು. ಅಕ್ಷರಗಳ ಚಾರ್ಟಿನ ಮೇಲೆ ಬೆಳಕು ಚೆನ್ನಾಗಿ ಬೀಳಬೇಕು. ಓದು ಬಾರದವರಿಗೆ ಇಂಗ್ಲಿಷಿನ 'E' ಅಕ್ಷರ ನಾಲ್ಕು ದಿಕ್ಕಿಗೆ ತಿರುಗಿರುವ ಚಾರ್ಟು ತರಿಸಿ, ಅಕ್ಷರದ ಕಾಲು ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಬೆರಳಿನಿಂದ ಕಣ್ಣು ಮುಚ್ಚಿಕೊಂಡವರು ಸಂದಿಯಿಂದ ಇಣುಕುತ್ತಾರೆ, ಅಂಗೈಯಿಂದ ಮುಚ್ಚಿಸಿ. ಸೂಜಿಯಿಂದ ಸಣ್ಣ ತೂತು ಮಾಡಿದ ರಟ್ಟಿನ ಮೂಲಕ ಕೆಳಗಿನ ಸಾಲು ಕಂಡರೆ ಬಹುಮಟ್ಟಿಗೆ ಕನ್ನಡಕದಲ್ಲೇ ಸರಿಹೋಗುತ್ತದೆ. ಅಕ್ಕಿ ಆರಿಸಲು, ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ ಎಂದು ಬರುವ 40 ದಾಟಿದವರಿಗೆ ಪ್ಲಸ್ 1ರಿಂದ 3ರವರೆಗಿನ ಪವರಿನ ಕನ್ನಡಕ ಇರಲಿ.

ಆಸ್ಪತ್ರೆಗೆ ಹೋದವರು ಆಪರೇಷನ್ ಆಗದೆ ಹಾಗೇ ವಾಪಸ್ ಬರುವುದು ಶುಗರ್, ಬಿಪಿ ಹೆಚ್ಚಿದ್ದಕ್ಕೆ, ಇಲ್ಲವೇ ಕಣ್ಣೀರಿನ ನಾಳದಲ್ಲಿ ಕೀವಿದ್ದದ್ದಕ್ಕೆ. ಶುಗರ್, ಬಿಪಿಯನ್ನು ಶಿಬಿರದ ದಿನವೇ ನೋಡಿಸಿ. ದಿನಾ ನುಂಗುವ ಮಾತ್ರೆಗಳನ್ನೂ ಕೈಚೀಲದಲ್ಲಿ ಇಟ್ಟುಕೊಂಡು ಹೋಗಲಿ.

ಮನೆಗೆ ಬಂದ ಮೇಲೆಯೇ ಹೆಚ್ಚು ಎಡವಟ್ಟಾಗುವುದು. ಡ್ರಾಪ್ಸ್ ಸುಮಾರು 6 ವಾರ, ವಾರವಾರ ಕಡಿಮೆ ಮಾಡುತ್ತಾ ಹಾಕಬೇಕು. ಕಣ್ಣು ಕಂಡಿತಲ್ಲ ಎಂದು ನಡುವೆಯೇ ಬಿಟ್ಟುಬಿಡುತ್ತಾರೆ. ಸೋಪು ಹಚ್ಚಿ ಕೈ ತೊಳೆದು, ಕೆಳರೆಪ್ಪೆ ಎಳೆದು ಒಂದೇ ಹನಿ ಹಾಕಬೇಕು, ಬಾಟಲಿಯ ತುದಿ ಎಲ್ಲಿಗೂ ತಾಗಬಾರದು. ಎರಡನೇ ಔಷಧಿಗೆ 5 ನಿಮಿಷ ಬಿಡಿ. ನಂದಬಟ್ಟಲು ರಸ, ಹರಳೆಣ್ಣೆ ಹಾಕುವ ಅಜ್ಜಿಯರಿಗೆ ಅದೆಲ್ಲ ಹಾಕಬೇಡಿ ಎಂದು ಮೊದಲೇ ಹೇಳಿಡಿ. ನೋವು ಜಾಸ್ತಿಯಾಗಿ, ಕಣ್ಣು ಕೆಂಪಾಗಿ, ದೃಷ್ಟಿ ಮಂಕಾದರೆ ನಾಳೆಗೆ ಕಾಯದೆ ಅದೇ ದಿನ ಆಪರೇಷನ್ ಮಾಡಿದ ಆಸ್ಪತ್ರೆಗೇ ಹೊರಡಿಸಿ. ಹೆಸರು, ಫೋನ್ ನಂಬರು ಬರೆದಿಟ್ಟುಕೊಂಡು ಮರುತಪಾಸಣೆಗೆ ಕರೆತರುವ ಹೊಣೆ ಒಬ್ಬರಿಗೇ ವಹಿಸಿ. ನನ್ನ ಕೇಳಿದರೆ ಉದ್ಘಾಟನೆ, ಶಾಲು, ಹಾರದ ಖರ್ಚು ಇದಕ್ಕೆ ಹೋಗಲಿ.

ಕಣ್ಣಿನ ನರ ಹಾಳಾಗುವ ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ. ಉಳಿದಿರುವುದಕ್ಕಾಗಿ ಡ್ರಾಪ್ಸ್ ಬಿಡದೆ ಹಾಕಬೇಕು. ದೃಷ್ಟಿ ಬರುವ ದಾರಿಯೇ ಇಲ್ಲದವರನ್ನು ಸುಮ್ಮನೆ ಮನೆಗೆ ಕಳಿಸಬೇಡಿ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಅಂದು ಕೂರಿಸಿಕೊಂಡು, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿ. ಪಿಂಚಣಿ, ಬಸ್ ಪಾಸಿಗೆಲ್ಲ ಅದೇ ಕೇಳುತ್ತಾರೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಅಂಗವೈಕಲ್ಯದ ಪ್ರಮಾಣ ಎಂದು ಸಿಗುವುದು ಶೇ. 30 ಮಾತ್ರ. ಬಹುತೇಕ ಸೌಲಭ್ಯಗಳಿಗೆ ಶೇ. 40 ಬೇಕು, ಅಂಥವರಿಗೆ ಪಿಂಚಣಿಯ ಆಸೆ ಹುಟ್ಟಿಸಬೇಡಿ.